ಕೈಹಿಡಿದವನ ಹಳೆಯ ಸಾಲ: ಕಲ್ಯಾಣದ ಒಂದು ನ್ಯಾಯವಿಚಾರ

ಕನ್ನಡದಲ್ಲಿ ‘ಋಣ’ ಎಂಬ ಪದಕ್ಕೆ ಎರಡು ಮುಖಗಳಿವೆ. ಅನ್ನದ ಋಣ, ತಾಯಿಯ ಋಣ, ಋಣಾನುಬಂಧ ಎನ್ನುವಾಗ ಮನಸ್ಸು ಮೃದುವಾಗುತ್ತದೆ. ಋಣಭಾರ ಪತ್ರ ಎನ್ನುವಾಗ ಉಪನೋಂದಣಿ ಕಛೇರಿಯ ಮುದ್ರೆ ಕಣ್ಣಿಗೆ ಕಟ್ಟುತ್ತದೆ. ದಾಂಪತ್ಯವನ್ನು ನಮ್ಮ ಜನ ಋಣಾನುಬಂಧವೆಂದೇ ಕರೆಯುತ್ತ ಬಂದಿದ್ದಾರೆ. ಆದರೆ ಆ ಅನುಬಂಧದ ಜತೆಯಲ್ಲಿ ವರನು ಮದುವೆಗೆ ಮೊದಲು ಮಾಡಿದ ಸಾಲವೂ ಬಂದು ವಧುವಿನ ಒಡವೆ, ಹೊಲ, ಮನೆಗಳ ಮೇಲೆ ಏರಿ ಕುಳಿತುಕೊಳ್ಳುವುದೇ? ಈ ಪ್ರಶ್ನೆ ವಕೀಲರಿಗಷ್ಟೇ ಸೇರಿದುದಲ್ಲ. ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣ ನಗರದಲ್ಲಿಯೇ ಇದನ್ನು ಕುರಿತು ಸೂಕ್ಷ್ಮವಾದ ವಿಚಾರ ನಡೆದಿದೆ. ಅದನ್ನು ಪಾಠಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಿಮಿತ್ತವಾದ ಸಂಗತಿಯನ್ನು ಮೊದಲು ಹೇಳುವುದು ಯುಕ್ತ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ಒಬ್ಬ ಹೆಣ್ಣುಮಗಳು ಒಂದು ಸಂಜೆ ನಮ್ಮ ಮನೆಗೆ ಬಂದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪತಿಯು ಮದುವೆಗೆ ಮೊದಲು ಅಂಗಡಿಯ ವ್ಯವಹಾರಕ್ಕೆಂದು ಸಾಲ ಮಾಡಿದ್ದನು. ಅದು ದಾವೆಯಾಗಿ, ಡಿಕ್ರಿಯಾಗಿ, ನ್ಯಾಯಾಲಯದ ಅಮೀನನು ಬಂದು ಮನೆಯ ಬಾಗಿಲಿಗೆ ಜಪ್ತಿಯ ನೋಟೀಸು ಅಂಟಿಸಿ ಹೋಗಿದ್ದನು. ಮನೆಯ ಹಿರಿಯರು ಅವಳ ಮೈಮೇಲಿನ ಚಿನ್ನವನ್ನೂ ತಂದೆಯು ಅರಿಸಿನ ಕುಂಕುಮಕ್ಕೆಂದು ಬರೆದುಕೊಟ್ಟಿದ್ದ ಎರಡು ಎಕರೆ ಹೊಲವನ್ನೂ ತೋರಿಸಿ, “ಕೈ ಹಿಡಿದ ಮೇಲೆ ಸಾಲವೂ ನಿನ್ನದೇ” ಎಂದಿದ್ದರು. “ಗುರುಗಳೇ, ಹೀಗೆ ಎಲ್ಲಿಯಾದರೂ ಬರೆದಿದೆಯೆ?” ಎಂದು ಅವಳು ಕೇಳಿದಳು. ಆ ಹೊತ್ತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಎರಡು ದಿನ ತಡೆದು ಬರಹೇಳಿ ಪುಸ್ತಕಗಳನ್ನು ತೆರೆದೆನು.

ತೆರೆದ ಮೊದಲ ಪುಸ್ತಕವೇ ಮಿತಾಕ್ಷರೆ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ ಕ್ರಿ.ಶ. ೧೦೭೬ರಿಂದ ೧೧೨೬ರ ಅವಧಿಯಲ್ಲಿ ರಚಿತವಾಯಿತು. ಗ್ರಂಥದ ಕೊನೆಯಲ್ಲಿ ವಿಜ್ಞಾನೇಶ್ವರನು ಕಲ್ಯಾಣ ನಗರವನ್ನೂ ತನ್ನ ಅರಸನನ್ನೂ ಕೊಂಡಾಡಿದ್ದಾನೆ. ಕಲಬುರಗಿ ಸೀಮೆಯ ಮರತೂರನ್ನು ಅವನ ಊರೆಂದು ಇಂದಿಗೂ ಗುರುತಿಸುತ್ತಾರೆ. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗವು ಪ್ರಮಾಣವಾಯಿತು. ಉಳಿದಂತೆ ಭರತಖಂಡದ ಬಹುಭಾಗಕ್ಕೆ ಮಿತಾಕ್ಷರೆಯೇ ನ್ಯಾಯದ ಆಧಾರವಾಗಿ ನಿಂತಿತು. ಕೋಲ್‌ಬ್ರೂಕ್ ಎಂಬ ವಿದ್ವಾಂಸನು ೧೮೧೦ರಲ್ಲಿ ಇದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಆಂಗ್ಲರ ನ್ಯಾಯಾಲಯಗಳಲ್ಲಿಯೂ ಅದು ನಿತ್ಯದ ಕೈಪಿಡಿಯಾಯಿತು. ನಮ್ಮ ನೆಲದಲ್ಲಿ ಹುಟ್ಟಿದ ಗ್ರಂಥವೊಂದು ಇಷ್ಟು ದೂರ ನಡೆದುದು ವಿರಳ.

ಈ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಋಣಾದಾನವೆಂಬ ಪ್ರಕರಣವಿದೆ. ಯಾರ ಸಾಲವನ್ನು ಯಾರು ತೀರಿಸಬೇಕು ಎಂಬುದೇ ಅಲ್ಲಿನ ಮುಖ್ಯ ವಿಚಾರ. ಅಲ್ಲಿ ಸ್ಮೃತಿಯು ಹೇಳುವ ಸಾಮಾನ್ಯ ನಿಯಮವು ಸ್ಪಷ್ಟವಾಗಿದೆ. ಗಂಡನು ಮಾಡಿದ ಸಾಲವನ್ನಾಗಲಿ ಮಗನು ಮಾಡಿದ ಸಾಲವನ್ನಾಗಲಿ ಹೆಂಡತಿಯು ತೀರಿಸಬೇಕಾಗಿಲ್ಲ. ಹೆಂಡತಿಯು ಮಾಡಿದ ಸಾಲವನ್ನು ಗಂಡನೂ ತೀರಿಸಬೇಕಾಗಿಲ್ಲ. ಕುಟುಂಬದ ನಿರ್ವಾಹಕ್ಕಾಗಿ ಮಾಡಿದ ಸಾಲ ಮಾತ್ರ ಇದಕ್ಕೆ ಹೊರತು. ಸ್ತ್ರೀಯು ತೀರಿಸಬೇಕಾದ ಸಾಲಗಳು ಮೂರೇ ಬಗೆ: ತಾನಾಗಿ ಒಪ್ಪಿಕೊಂಡದ್ದು, ಪತಿಯೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು. ಇವನ್ನು ಬಿಟ್ಟು ಬೇರಾವುದನ್ನೂ ಅವಳಿಂದ ವಸೂಲು ಮಾಡಲಾಗದು. ‘ಒಪ್ಪಿಕೊಂಡದ್ದು’ ಎಂಬುದನ್ನು ವಿಜ್ಞಾನೇಶ್ವರನು ಸಡಿಲವಾಗಿ ಬಿಡುವುದಿಲ್ಲ. ಸಾಯುವ ಸ್ಥಿತಿಯಲ್ಲಿರುವ ಇಲ್ಲವೆ ದೂರದೇಶಕ್ಕೆ ಹೊರಟಿರುವ ಪತಿಯು ತೀರಿಸೆಂದು ಹೇಳಿದಾಗ ಅವಳು ಕೊಟ್ಟ ಮಾತು ಎಂದು ಅದನ್ನು ಬಿಡಿಸಿ ಹೇಳುತ್ತಾನೆ. ಮೌನವನ್ನು ಸಮ್ಮತಿಯೆಂದು ಎಣಿಸಿಕೊಳ್ಳಲು ಇಲ್ಲಿ ಎಡೆಯಿಲ್ಲ.

ಮದುವೆಯ ಹಿಂದಣ ಸಾಲಕ್ಕೆ ಈ ನಿಯಮವನ್ನು ಅನ್ವಯಿಸಿದರೆ ಏನಾಗುತ್ತದೆ? ಕುಟುಂಬದ ನಿಮಿತ್ತದ ಸಾಲವಾದರೆ ಇಬ್ಬರಿಗೂ ಸೇರಬಹುದು. ಆದರೆ ದಂಪತಿಗಳ ಕುಟುಂಬವೇ ಹುಟ್ಟದಿದ್ದಾಗ ಮಾಡಿದ ಸಾಲವು ಆ ಕುಟುಂಬಕ್ಕಾಗಿ ಮಾಡಿದ್ದಾಗುವುದು ಹೇಗೆ? ಆದುದರಿಂದ ಮಿತಾಕ್ಷರೆಯ ಮಾತಿನಂತೆಯೇ ನಡೆದರೆ ನನ್ನ ಶಿಷ್ಯೆಯ ಪತಿಯ ಅಂಗಡಿಯ ಸಾಲವು ಅವಳಿಗೆ ಸೇರದು. ವಿವಾಹವೆಂಬುದು ತನ್ನಷ್ಟಕ್ಕೆ ತಾನೇ ಸಾಲವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಸೇತುವೆಯಲ್ಲ. ಈ ಪ್ರಕರಣದ ತಿರುಳು ಇದೇ ಎಂದು ನನ್ನ ತಿಳಿವಳಿಕೆ.

ಈ ನಿಯಮಕ್ಕೆ ಸ್ಮೃತಿಯು ಹೇಳಿರುವ ಒಂದು ಅಪವಾದವು ವಚನ ಸಾಹಿತ್ಯವನ್ನು ಓದಿದವರನ್ನು ತಡೆದು ನಿಲ್ಲಿಸುವಂಥದು. ಗೋವಳ, ಹೆಂಡ ಮಾರುವವನು, ನಟ, ಮಡಿವಾಳ, ಬೇಡ, ಈ ಐದು ವೃತ್ತಿಯವರು ಮಾತ್ರ ತಮ್ಮ ಹೆಂಡಿರು ಮಾಡಿದ ಸಾಲವನ್ನು ತೀರಿಸಬೇಕು. ಕಾರಣ, ಅವರ ಜೀವನವು ಆ ಸ್ತ್ರೀಯರ ದುಡಿಮೆಯನ್ನು ಆಶ್ರಯಿಸಿದೆ. ಕಾರಣವನ್ನು ಬಾಯಿಬಿಟ್ಟು ಹೇಳಿರುವುದರಿಂದ, ಸ್ತ್ರೀಯರ ದುಡಿಮೆಯಿಂದ ಬದುಕುವ ಇತರರಿಗೂ ಇದೇ ನ್ಯಾಯವು ಸಲ್ಲುತ್ತದೆಂದು ವಿಜ್ಞಾನೇಶ್ವರನು ವಿಸ್ತರಿಸುತ್ತಾನೆ.

ಈ ಐದು ಹೆಸರುಗಳನ್ನು ಕೇಳಿದೊಡನೆ ಶರಣರ ನೆನಪು ಬಾರದಿರದು. ವಿಜ್ಞಾನೇಶ್ವರನು ಹೀಗೆ ಬರೆದ ಹೆಚ್ಚು ಕಡಿಮೆ ಅರ್ಧ ಶತಮಾನದೊಳಗೆ ಅದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದವರಾರು? ತುರುಗಾಹಿ ರಾಮಣ್ಣ, ಹೆಂಡದ ಮಾರಯ್ಯ, ಬಹುರೂಪಿ ಚೌಡಯ್ಯ, ಮಡಿವಾಳ ಮಾಚಯ್ಯ. ಬೇಡರ ಕಣ್ಣಪ್ಪನನ್ನು ಶರಣರು ಪುರಾತನರಲ್ಲಿ ಒಬ್ಬನೆಂದು ನಿತ್ಯವೂ ಸ್ಮರಿಸಿದರು. ಸ್ಮೃತಿಯು ಅಪವಾದವೆಂದು ಬದಿಗಿಟ್ಟ ಐದು ವೃತ್ತಿಗಳೂ ಶರಣಪರಂಪರೆಯಲ್ಲಿ ನಡುಮನೆಗೆ ಬಂದವು. ಒಂದು ಇನ್ನೊಂದಕ್ಕೆ ಕಾರಣವಾಯಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸತ್ಯವು ಹೊಳೆಯುತ್ತದೆ. ಸತಿಪತಿಗಳಿಬ್ಬರೂ ಕೂಡಿ ದುಡಿಯುವ ಮನೆಗಳಲ್ಲಿ ಸಾಲವು ಇಬ್ಬರದೂ ಆಗುವುದು ತಾಳಿಯ ಬಲದಿಂದಲ್ಲ, ಕಾಯಕದ ಬಲದಿಂದ. ಶಾಸ್ತ್ರಕಾರನಿಗೆ ಅಪವಾದವಾಗಿ ಕಂಡ ಮನೆಯು ಶರಣರಿಗೆ ಮಾದರಿಯಾಗಿ ಕಂಡಿತು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲಿಗೇ ಚೆಲ್ಲಿ ಬರುವಂತೆ ಕಳುಹಿದಳು. ಪತಿಯ ಕೈಯಿಂದ ಬಂದುದೆಲ್ಲವೂ ತನ್ನದೆಂದು ಅವಳು ಎಣಿಸಲಿಲ್ಲ. ಅವನು ತಂದದ್ದನ್ನು ವಿಚಾರಿಸುವ, ಬೇಡವೆನ್ನುವ ಅಧಿಕಾರವು ಪುಣ್ಯಸ್ತ್ರೀಗೆ ಇತ್ತು. ತಂದ ಧನವನ್ನು ಹೀಗೆ ವಿಚಾರಿಸಬಹುದಾದರೆ, ತಂದ ಸಾಲವನ್ನು ಏಕೆ ವಿಚಾರಿಸಬಾರದು?

ಇಷ್ಟರಿಂದ ಮಿತಾಕ್ಷರೆಯಲ್ಲಿ ಎಲ್ಲವೂ ಸ್ತ್ರೀಯರಿಗೆ ಅನುಕೂಲವೆಂದು ಭ್ರಮಿಸಬಾರದು. ಅದೇ ಪ್ರಕರಣದಲ್ಲಿ ಕಹಿಯಾದ ಒಂದು ಭಾಗವೂ ಇದೆ. ಸಾಲಗಾರನು ಸತ್ತರೆ ಸಾಲವನ್ನು ತೀರಿಸಬೇಕಾದವರು ಮೂವರು: ಅವನ ಆಸ್ತಿಯನ್ನು ತೆಗೆದುಕೊಂಡವನು, ಅವನ ಹೆಂಡತಿಯನ್ನು ಕೂಡಿಕೊಂಡವನು, ಅವನ ಮಗ. ನಡುವಣ ವ್ಯಕ್ತಿಯನ್ನು ಗಮನಿಸಬೇಕು. ವಿಧವೆಯನ್ನು ಕೂಡಿಕೊಂಡವನು ಅವಳ ಹಿಂದಿನ ಪತಿಯ ಸಾಲಕ್ಕೆ ಹೊಣೆ. ಇದಕ್ಕೆ ವಿಜ್ಞಾನೇಶ್ವರನು ನಾರದ ಸ್ಮೃತಿಯನ್ನು ಆಧಾರವಾಗಿ ತರುತ್ತಾನೆ. ಧನವೂ ಸಂತಾನವೂ ಇಲ್ಲದೆ ಸತ್ತವನಿಗೆ ಅವನ ಹೆಂಡತಿಯೇ ಧನವೆಂಬುದು ನಾರದನ ವಾದದ ಸಾರ. ಧನವನ್ನು ಕೊಂಡವನು ಸಾಲವನ್ನೂ ಹೊರಬೇಕೆಂಬ ನ್ಯಾಯವು ಹೊಲ ಮನೆಗಳಿಗೆ ಸರಿಯಾದುದೇ. ಆದರೆ ಇಲ್ಲಿ ಹೊಲದ ಜಾಗದಲ್ಲಿ ಹೆಣ್ಣು ನಿಂತಿದ್ದಾಳೆ. ಋಣಭಾರವು ಅವಳ ಮೈಮೇಲೆಯೇ ಬಿದ್ದಿದೆ. ಹೆಂಡತಿಗೆ ತನ್ನದಾದ ಧನವಿದೆಯೆಂದು ಬಗೆದು ಗಂಡನ ಸಾಲದಿಂದ ಅವಳನ್ನು ಬಿಡಿಸಿದ ಗ್ರಂಥವೇ ಇನ್ನೊಂದು ಎಡೆಯಲ್ಲಿ ಅವಳನ್ನೇ ಧನವೆಂದಿತು. ಪ್ರಾಚೀನ ಗ್ರಂಥವನ್ನು ಗೌರವಿಸುವವರು ಈ ವಿರೋಧವನ್ನು ಮುಚ್ಚಿಡಬೇಕಾಗಿಲ್ಲ.

ಇನ್ನು ಆಸ್ತಿಯ ಮೇಲಣ ಭಾರದ ವಿಚಾರ. ಸಾಲವು ಸಾಲ ಮಾಡಿದ ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ಒತ್ತೆಯು ಒತ್ತೆಯಿಟ್ಟ ವಸ್ತುವನ್ನು ಹಿಂಬಾಲಿಸುತ್ತದೆ. ಈ ಎರಡನ್ನೂ ಬೆರೆಸಿದಾಗಲೇ ನಮ್ಮ ಮನೆಗಳಲ್ಲಿ ಗೊಂದಲ ಹುಟ್ಟುವುದು. ಮಿತಾಕ್ಷರೆಯು ಒತ್ತೆಯನ್ನು ‘ಆಧಿ’ ಎಂದು ಕರೆದು, ಕಾಪಾಡಿ ಇಡುವ ಆಧಿ, ಫಲವನ್ನು ಅನುಭವಿಸುವ ಆಧಿ ಎಂದು ಬೇರ್ಪಡಿಸುತ್ತದೆ. ಎರಡನೆಯದೇ ‘ಭೋಗ್ಯ’. ಹೊಲವನ್ನೋ ಮನೆಯನ್ನೋ ಭೋಗ್ಯಕ್ಕೆ ಹಾಕಿದೆವೆಂದು ಇಂದಿಗೂ ಹೇಳುವ ನಮ್ಮ ಜನರು ತಿಳಿಯದೆಯೇ ಆ ಹಳೆಯ ಶಾಸ್ತ್ರದ ಮಾತನ್ನಾಡುತ್ತಿದ್ದಾರೆ. ಒಂದೇ ವಸ್ತುವನ್ನು ಕುರಿತು ಎರಡು ವ್ಯವಹಾರಗಳು ನಡೆದಾಗ ಯಾವುದು ಬಲವಾದುದು? ಬೇರೆ ವಿವಾದಗಳಲ್ಲಿ ಹಿಂದಿನದಕ್ಕಿಂತ ಮುಂದಿನ ವ್ಯವಹಾರವೇ ಬಲವಾದುದು. ಒತ್ತೆ, ದಾನ, ಕ್ರಯ ಈ ಮೂರರಲ್ಲಿ ಮಾತ್ರ ಮೊದಲಿನದೇ ಬಲವಾದುದು ಎಂದು ಸ್ಮೃತಿಯು ತೀರ್ಪು ಕೊಡುತ್ತದೆ. ಒಬ್ಬನಿಗೆ ಒತ್ತೆಯಿಟ್ಟ ಹೊಲವನ್ನು ಇನ್ನೊಬ್ಬನಿಗೂ ಒತ್ತೆಯಿಟ್ಟರೆ ಮೊದಲಿನವನದೇ ಹಕ್ಕು. ಹಾಗೆಯೇ ಮದುವೆಗೆ ಮೊದಲೇ ಒತ್ತೆಯಾದ ಮನೆಯನ್ನು ಮದುವೆಯ ಅನಂತರ ಹೆಂಡತಿಗೆ ದಾನವಾಗಿ ಕೊಟ್ಟರೆ ಆ ದಾನವು ಒತ್ತೆಯನ್ನು ಅಳಿಸಲಾರದು. ಮನೆಯು ಅವಳದಾಗುತ್ತದೆ, ಭಾರವನ್ನು ಹೊತ್ತುಕೊಂಡೇ ಅವಳದಾಗುತ್ತದೆ.

ಈ ವಿವೇಕವು ಎಲ್ಲ ದೇಶಗಳಲ್ಲಿಯೂ ಇರಲಿಲ್ಲವೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ನಿದರ್ಶನ. ಅದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮನ್ನು ಆಳಿದವರು ಆ ನ್ಯಾಯದ ನೆರಳನ್ನು ಇಲ್ಲಿಗೂ ತಂದರು. ಆಂಗ್ಲರ ರೂಢಿಯ ನ್ಯಾಯದಲ್ಲಿ ವಿವಾಹವಾದ ಕೂಡಲೆ ಸ್ತ್ರೀಯ ವ್ಯಕ್ತಿತ್ವವು ಪತಿಯಲ್ಲಿ ಅಡಗಿಹೋಗುತ್ತಿತ್ತು. ಅವಳ ಚರಸ್ವತ್ತೆಲ್ಲವೂ ಪತಿಯದಾಗುತ್ತಿತ್ತು. ಅವಳ ಜಮೀನಿನ ಆದಾಯವೂ ಅವನಿಗೇ. ಇದಕ್ಕೆ ಪ್ರತಿಯಾಗಿ ಅವಳು ಕನ್ಯೆಯಾಗಿದ್ದಾಗ ಮಾಡಿದ ಸಾಲಗಳಿಗೆಲ್ಲ ಅವನು ಹೊಣೆಯಾಗಬೇಕಿತ್ತು. ಅವಳು ಒಂದು ಕಾಸನ್ನು ತಾರದಿದ್ದರೂ ಸರಿಯೆ. ಇದರ ಭಯದಿಂದ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ವಿಚಿತ್ರವಾದ ಒಂದು ಪದ್ಧತಿಯು ಅಲ್ಲಲ್ಲಿ ಕಾಣಿಸಿಕೊಂಡಿತು. ವಧುವು ಒಳಗಿನ ಒಂದು ಅಂಗಿಯನ್ನು ಮಾತ್ರ ಧರಿಸಿ ಮದುವೆಗೆ ಬರುತ್ತಿದ್ದಳು. ಅವಳಿಂದ ತನಗೆ ಏನೂ ಬರಲಿಲ್ಲ, ಆದುದರಿಂದ ಅವಳ ಸಾಲವೂ ಬಾರದು ಎಂದು ಊರಿನ ಕಣ್ಣೆದುರಿಗೆ ತೋರಿಸುವುದು ವರನ ಉದ್ದೇಶ. ಜನರ ಈ ನಂಬಿಕೆಗೆ ನ್ಯಾಯದ ಬೆಂಬಲವು ಗಟ್ಟಿಯಾಗಿರಲಿಲ್ಲ. ಆದರೂ ಸಾಲದ ಹೆದರಿಕೆಯು ಮದುಮಗಳ ಮೈಮೇಲಿನ ಬಟ್ಟೆಯವರೆಗೂ ಕೈಚಾಚಿತ್ತೆಂಬುದನ್ನು ಇದರಿಂದ ಮನಗಾಣಬಹುದು.

೧೮೭೦ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯು ಪತಿಯನ್ನು ಈ ಹೊಣೆಯಿಂದ ಬಿಡಿಸಿತು. ಆದರೆ ಅವಸರದಲ್ಲಿ ಒಂದು ಲೋಪ ಉಳಿಯಿತು. ಹೆಂಡತಿಯ ಸ್ವತ್ತಿನ ಬಹುಭಾಗವು ಇನ್ನೂ ಪತಿಗೇ ಸೇರುತ್ತಿದ್ದುದರಿಂದ ಸ್ವತ್ತು ಅವನದಾಯಿತು, ಸಾಲ ಮಾತ್ರ ಅವನದಾಗಲಿಲ್ಲ. ಸಾಲ ಕೊಟ್ಟವನು ಬರಿಗೈಯಲ್ಲಿ ನಿಲ್ಲಬೇಕಾಯಿತು. ನಾಲ್ಕೇ ವರ್ಷಗಳಲ್ಲಿ, ೧೮೭೪ರಲ್ಲಿ, ಇದನ್ನು ತಿದ್ದಿ, ಹೆಂಡತಿಯಿಂದ ಬಂದ ಸ್ವತ್ತಿನ ಮಟ್ಟಿಗೆ ಪತಿಯು ಹೊಣೆಯೆಂದು ಗೊತ್ತುಮಾಡಿದರು. ೧೮೮೨ರಲ್ಲಿ ಸ್ತ್ರೀಗೆ ಪೂರ್ಣವಾದ ಪ್ರತ್ಯೇಕ ಸ್ವತ್ತಿನ ಹಕ್ಕು ದೊರೆಯಿತು. ಪತಿಯ ಈ ಹೊಣೆಯ ಕೊನೆಯ ಕುರುಹು ಅಳಿದುದು ೧೯೩೫ರ ಕಾಯಿದೆಯಿಂದ. ಸ್ವತ್ತು ಹೋದ ಕಡೆಗೇ ಸಾಲವೂ ಹೋಗಬೇಕೆಂಬ ತತ್ತ್ವಕ್ಕೆ ಅವರು ಬಂದು ಸೇರುವ ಹೊತ್ತಿಗೆ ವಿಜ್ಞಾನೇಶ್ವರನು ಬರೆದು ಎಂಟುನೂರು ವರ್ಷಗಳು ಕಳೆದಿದ್ದವು.

ಭಾರತದಲ್ಲಿ ೧೮೬೫ರ ಉತ್ತರಾಧಿಕಾರ ಕಾಯಿದೆಯು ವಿವಾಹಮಾತ್ರದಿಂದ ಒಬ್ಬರ ಸ್ವತ್ತಿನಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟದೆಂದು ಸಾರಿತು. ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ ೯ನೆಯ ಕಲಂ, ಪತ್ನಿಯ ವಿವಾಹಪೂರ್ವದ ಸಾಲಕ್ಕೆ ವಿವಾಹವೊಂದರ ಕಾರಣದಿಂದಲೇ ಪತಿಯು ಹೊಣೆಯಲ್ಲ. ಅವಳು ತನ್ನ ಪ್ರತ್ಯೇಕ ಸ್ವತ್ತಿನ ಮಟ್ಟಿಗೆ ಹೊಣೆ ಎಂದು ವಿಧಿಸಿತು. ಈ ಕಾಯಿದೆಯು ಸಾಮಾನ್ಯವಾಗಿ ಹಿಂದೂ, ಮುಸಲ್ಮಾನ, ಬೌದ್ಧ, ಸಿಖ್, ಜೈನ ಸ್ತ್ರೀಯರಿಗೆ ಅನ್ವಯಿಸುವಂತಿರಲಿಲ್ಲ. ಹಿಂದೂಗಳ ಮಟ್ಟಿಗೆ ಹೇಳುವುದಾದರೆ ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಸ್ತ್ರೀಧನವೆಂಬ ಪ್ರತ್ಯೇಕ ಸ್ವತ್ತು ಅವರಲ್ಲಿ ಮೊದಲಿನಿಂದಲೂ ಇತ್ತು.

ಸ್ತ್ರೀಧನವೆಂದರೇನು? ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು, ವಿವಾಹದ ಅಗ್ನಿಯ ಎದುರಿನಲ್ಲಿ ಬಂದದ್ದು ಮೊದಲಾದುವೆಂದು ಸ್ಮೃತಿಯು ಎಣಿಸುತ್ತದೆ. ಆ ‘ಮೊದಲಾದ’ ಎಂಬ ಒಂದು ಪದವನ್ನು ಹಿಡಿದು, ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರನು ವಿಶಾಲವಾಗಿ ಅರ್ಥಮಾಡಿದನು. ಲಂಡನ್ನಿನ ಪ್ರೀವಿ ಕೌನ್ಸಿಲು ಈ ವಿಶಾಲಾರ್ಥವನ್ನು ಒಪ್ಪಲಿಲ್ಲ. ೧೮೬೭ರ ಮತ್ತು ೧೯೦೩ರ ತೀರ್ಪುಗಳಲ್ಲಿ, ದಾಯವಾಗಿ ಬಂದ ಸ್ವತ್ತು ಸ್ತ್ರೀಧನವಲ್ಲವೆಂದು ಅದನ್ನು ಕಿರಿದುಗೊಳಿಸಿತು. ಕಲ್ಯಾಣದ ಪಂಡಿತನು ತೆರೆದ ಬಾಗಿಲನ್ನು ಥೇಮ್ಸ್ ನದಿಯ ದಡದಲ್ಲಿ ಕುಳಿತವರು ಅರ್ಧ ಮುಚ್ಚಿದರು. ಅದನ್ನು ಮತ್ತೆ ತೆರೆಯುವ ಕೆಲಸದಲ್ಲಿ ಮೈಸೂರು ಸಂಸ್ಥಾನವು ಮುಂದಾಗಿತ್ತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಬ್ರಿಟಿಷ್ ಇಂಡಿಯಾದ ೧೯೩೭ರ ಕಾಯಿದೆಗಿಂತ ನಾಲ್ಕು ವರ್ಷ ಹಿರಿದು. ಕೊನೆಗೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೧೪ನೆಯ ಕಲಂ, ದಾಯದಿಂದ, ಪಾಲಿನಿಂದ, ಸ್ವಂತ ದುಡಿಮೆಯಿಂದ, ಕ್ರಯದಿಂದ, ಮದುವೆಗೆ ಮೊದಲು ಇಲ್ಲವೆ ಮದುವೆಯಲ್ಲಿ ಇಲ್ಲವೆ ಅನಂತರ ದಾನದಿಂದ ಬಂದದ್ದೆಲ್ಲವನ್ನೂ ಸ್ತ್ರೀಯ ಪೂರ್ಣ ಸ್ವತ್ತೆಂದು ಸಾರಿತು. ವಿಜ್ಞಾನೇಶ್ವರನ ಪಟ್ಟಿಯೇ ಹೊಸ ಭಾಷೆಯಲ್ಲಿ ಮರಳಿ ಬಂದಂತಾಯಿತು. ಆ ಕಾಯಿದೆಯು ಯಾರಿಗೆ ಅನ್ವಯಿಸುತ್ತದೆಂದು ಹೇಳುವ ೨ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೂ ಇವೆ.

ಪತಿಯು ಸ್ತ್ರೀಧನವನ್ನು ಮುಟ್ಟಬಹುದೆ? ಬರಗಾಲ, ಧರ್ಮಕಾರ್ಯ, ರೋಗ, ಬಂಧನ ಈ ಸಂಕಟಗಳಲ್ಲಿ ತೆಗೆದುಕೊಂಡದ್ದನ್ನು ಅವನು ಹಿಂದಿರುಗಿಸಲೇಬೇಕೆಂದಿಲ್ಲ ಎಂದು ಸ್ಮೃತಿಯು ಹೇಳುತ್ತದೆ. ಈ ವಿನಾಯಿತಿಯು ಪತಿಗೆ ಮಾತ್ರ ಸಲ್ಲತಕ್ಕದ್ದು. ಅತ್ತೆ ಮಾವಂದಿರಿಗಾಗಲಿ ಸಾಲ ಕೊಟ್ಟ ಸಾಹುಕಾರನಿಗಾಗಲಿ ಸೇರದು. ಇಂದಿನ ನ್ಯಾಯವು ಇನ್ನೂ ಬಿಗಿಯಾಗಿದೆ. ಸ್ತ್ರೀಧನವು ಪತ್ನಿಯ ಸಂಪೂರ್ಣ ಸ್ವತ್ತು, ಗಂಡನ ಮನೆಯವರ ಕೈಯಲ್ಲಿದ್ದರೂ ಅವರು ಅದನ್ನು ಕಾಪಾಡಿಕೊಡತಕ್ಕವರಷ್ಟೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಪ್ರತಿಭಾ ರಾಣಿಯ ಪ್ರಕರಣದಲ್ಲಿ ತೀರ್ಪು ನೀಡಿತು. ೨೦೨೪ರಲ್ಲಿ ಅದೇ ನ್ಯಾಯಾಲಯವು, ಸ್ತ್ರೀಧನವು ದಂಪತಿಗಳ ಜಂಟಿ ಸ್ವತ್ತಲ್ಲ. ಸಂಕಟದಲ್ಲಿ ಪತಿಯು ಬಳಸಿಕೊಂಡರೂ ಹಿಂದಿರುಗಿಸುವ ನೈತಿಕ ಹೊಣೆ ಅವನದೇ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿತು.

ಹಾಗಾದರೆ ಪತಿಯ ಹಳೆಯ ಸಾಲವು ಇಂದು ಪತ್ನಿಯ ಬದುಕನ್ನು ತಾಗುವುದೇ ಇಲ್ಲವೆ? ತಾಗುವ ದಾರಿಗಳು ಕೆಲವಿವೆ. ಅವನ್ನು ಅರಿತಿರುವುದು ಹೆಣ್ಣುಮಕ್ಕಳಿಗೂ ಅವರ ತಂದೆತಾಯಿಗಳಿಗೂ ಹಿತಕರ.

ಮೊದಲನೆಯದು ಒತ್ತೆ. ಮದುವೆಗೆ ಮೊದಲೇ ಅಡಮಾನವಾದ ಮನೆಯು ಯಾರ ಹೆಸರಿಗೆ ಬದಲಾದರೂ ಅಡಮಾನವು ಮನೆಯನ್ನು ಬಿಡದು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೪೮ನೆಯ ಕಲಮಿನಲ್ಲಿಯೂ ಮೊದಲು ಹುಟ್ಟಿದ ಹಕ್ಕಿಗೇ ಮೊದಲ ಸ್ಥಾನ. ಎರಡನೆಯದು ಜಪ್ತಿ. ನ್ಯಾಯಾಲಯದ ಜಪ್ತಿಯಾದ ಮೇಲೆ ಪತಿಯು ಆ ಸ್ವತ್ತನ್ನು ಪತ್ನಿಗೆ ಬರೆದುಕೊಟ್ಟರೆ, ಜಪ್ತಿ ಮಾಡಿಸಿದವನ ಎದುರಿನಲ್ಲಿ ಆ ಬರಹವು ನಿಲ್ಲುವುದಿಲ್ಲ. ಜಪ್ತಿಗೆ ಮೊದಲೇ ಬರೆದುಕೊಟ್ಟಿದ್ದರೂ ಸಾಲಗಾರರನ್ನು ವಂಚಿಸುವ ಉದ್ದೇಶವು ಸಿದ್ಧವಾದರೆ ಅದನ್ನು ೫೩ನೆಯ ಕಲಮಿನಂತೆ ರದ್ದುಪಡಿಸಬಹುದು. ಮೂರನೆಯದು ಸರ್ವಸ್ವ ದಾನ. ಪತಿಯು ತನ್ನ ಸ್ವತ್ತೆಲ್ಲವನ್ನೂ ಪತ್ನಿಗೆ ದಾನಮಾಡಿದರೆ, ದಾನದ ದಿನ ಅವನಿಗಿದ್ದ ಸಾಲಗಳೆಲ್ಲಕ್ಕೂ ಆ ಸ್ವತ್ತಿನ ಮಟ್ಟಿಗೆ ಅವಳೇ ಹೊಣೆಯಾಗುತ್ತಾಳೆ. ಇದು ೧೨೮ನೆಯ ಕಲಮಿನ ವಿಧಿ. ಆಸ್ತಿಯನ್ನು ತೆಗೆದುಕೊಂಡವನು ಸಾಲವನ್ನೂ ತೀರಿಸಲಿ ಎಂಬ ಸ್ಮೃತಿವಾಕ್ಯದ ಪ್ರತಿಧ್ವನಿಯನ್ನು ಇಲ್ಲಿ ಕೇಳಬಹುದು.

ನಾಲ್ಕನೆಯದೇ ಎಲ್ಲಕ್ಕಿಂತ ಸಾಮಾನ್ಯವಾದುದು ಮತ್ತು ಅಪಾಯಕರವಾದುದು: ಸಹಿ. ಹಳೆಯ ಸಾಲವನ್ನು ಹೊಸ ಪತ್ರಕ್ಕೆ ತಿರುಗಿಸಿ ಬರೆಯುವಾಗ ಪತ್ನಿಯಿಂದ ಜಾಮೀನಿನ ಸಹಿ ಹಾಕಿಸಿಕೊಳ್ಳುತ್ತಾರೆ. ೧೮೭೨ರ ಕರಾರು ಕಾಯಿದೆಯಂತೆ, ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವ್ಯಾಪಕ. ಆ ಗಳಿಗೆಯಿಂದ ಅದು ಪತಿಯ ಸಾಲವಲ್ಲ. ಸ್ಮೃತಿಯ ಭಾಷೆಯಲ್ಲಿಯೇ ಹೇಳುವುದಾದರೆ ಅವಳು ತಾನಾಗಿ ಒಪ್ಪಿಕೊಂಡ ಸಾಲ. ವಿವಾಹವು ಮಾಡಲಾರದ ಕೆಲಸವನ್ನು ಒಂದು ಸಹಿಯು ಮಾಡಿಬಿಡುತ್ತದೆ.

ಇವುಗಳಲ್ಲಿ ಯಾವುದೂ ನಡೆಯದಿದ್ದರೆ ಪತ್ನಿಯ ಹೊಲವನ್ನಾಗಲಿ ಒಡವೆಯನ್ನಾಗಲಿ ಪತಿಯ ಸಾಲಕ್ಕೆ ಜಪ್ತಿ ಮಾಡಲಾಗದು. ತಪ್ಪಾಗಿ ಜಪ್ತಿ ಮಾಡಿದರೆ, ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೨೧ನೆಯ ಆದೇಶದ ೫೮ನೆಯ ನಿಯಮದಂತೆ ಹರಾಜಿಗೆ ಮೊದಲು, ತಡಮಾಡದೆ, ಅದೇ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಹೇಳಿಕೊಳ್ಳಬೇಕು. ಅದೇ ಸಂಹಿತೆಯ ೬೦ನೆಯ ಕಲಂ ಇನ್ನೊಂದು ರಕ್ಷಣೆಯನ್ನೂ ಕೊಟ್ಟಿದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ ಇವುಗಳನ್ನೂ ಧಾರ್ಮಿಕ ಆಚಾರದಂತೆ ಸ್ತ್ರೀಯು ಅಗಲಿರಲಾಗದ ಒಡವೆಗಳನ್ನೂ ಯಾವ ಡಿಕ್ರಿಯ ಬಲದಿಂದಲೂ ಜಪ್ತಿ ಮಾಡಲಾಗದು. ಕೊರಳ ತಾಳಿಗೆ ಅಮೀನನ ಕೈ ಬರುವಂತಿಲ್ಲ.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಸಂಬಂಧ ಕೂಡುವಾಗ ನಮ್ಮವರು ಮನೆತನವನ್ನು ವಿಚಾರಿಸುತ್ತಾರೆ, ಗುರುಮಠವನ್ನು ವಿಚಾರಿಸುತ್ತಾರೆ. ವರನ ಮನೆಯ ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡುವುದು ಅಪಮಾನವೆಂದು ಹಿಂಜರಿಯುತ್ತಾರೆ. ನೋಂದಣಿಯಾದ ಭಾರಗಳಿದ್ದರೆ ಉಪನೋಂದಣಿ ಕಛೇರಿಯು ಅವನ್ನು ೧೫ನೆಯ ನಮೂನೆಯಲ್ಲಿಯೂ, ಇಲ್ಲದಿದ್ದರೆ ಇಲ್ಲವೆಂಬುದನ್ನು ೧೬ನೆಯ ನಮೂನೆಯಲ್ಲಿಯೂ ಬರೆದುಕೊಡುತ್ತದೆ. ಹೊಲವಾದರೆ ಪಹಣಿಯಲ್ಲಿ ಋಣಗಳನ್ನು ಬರೆಯುವ ಸ್ಥಳವನ್ನು ನೋಡಬೇಕು. ಉತ್ತರ ಕರ್ನಾಟಕದ ರೈತರು ‘ಬೋಜಾ’ ಎನ್ನುವುದು ಇದನ್ನೇ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವು ಈ ದಾಖಲೆಗಳಲ್ಲಿ ಕಾಣದಿರುವುದೂ ಉಂಟು. ಆದುದರಿಂದ ಮನೆಯ ಮೂಲಪತ್ರಗಳು ಎಲ್ಲಿವೆಯೆಂದು ಕೇಳುವುದು ಒಳಿತು. ಕೇಳುವುದರಲ್ಲಿ ಅವಮಾನವಿಲ್ಲ. ತಂದ ಅಕ್ಕಿ ಎಲ್ಲಿಯದೆಂದು ಲಕ್ಕಮ್ಮನು ಕೇಳಿದಳು.

ಎರಡು ದಿನಗಳ ಮೇಲೆ ಆ ಹೆಣ್ಣುಮಗಳು ಮತ್ತೆ ಬಂದಾಗ ನನಗೆ ತಿಳಿದಷ್ಟನ್ನು ಹೇಳಿ, ಮೊದಲು ಒಬ್ಬ ವಕೀಲರನ್ನು ಕಾಣುವಂತೆಯೂ, ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕದಿರುವಂತೆಯೂ ತಿಳಿಸಿದೆನು. ವಕೀಲರು ವಿಚಾರಿಸಿದಾಗ, ಪತಿಯ ಮನೆಯು ಜಪ್ತಿಯಾಗಿದ್ದುದು ನಿಜವೆಂದೂ, ಅವಳ ಹೊಲದ ಮೇಲೆ ಯಾರಿಗೂ ಹಕ್ಕಿಲ್ಲವೆಂದೂ ತಿಳಿಯಿತು. ಹೊಲವು ಉಳಿಯಿತು. ಆದರೆ ಕಥೆಯು ಅಲ್ಲಿಗೇ ಮುಗಿಯಲಿಲ್ಲ. ಕೆಲವು ತಿಂಗಳ ಮೇಲೆ ಅವಳು ತನ್ನ ನಾಲ್ಕು ಬಳೆಗಳನ್ನು ತಾನಾಗಿಯೇ ಮಾರಿ ಆ ಹಣವನ್ನು ಪತಿಗೆ ಕೊಟ್ಟಳೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಕಾರಣ ಕೇಳಿದೆನು. “ಕೊಡಲೇಬೇಕು ಅಂದಾಗ ಕೊಡಲಿಲ್ಲ, ಗುರುಗಳೇ. ಕೊಡಬೇಕಾಗಿಲ್ಲ ಅಂತ ಅವರಿಗೂ ಗೊತ್ತಾದ ಮೇಲೆ ಕೊಟ್ಟೆ. ಹಿಂದಿರುಗಿಸುತ್ತೇನೆಂದು ಬರೆದುಕೊಟ್ಟಿದ್ದಾರೆ” ಎಂದಳು.

ಆ ಚೀಟಿಯನ್ನು ನಾನು ನೋಡಿದೆನು. ಪತಿಯ ಕೈಬರಹದಲ್ಲಿ ತೂಕ, ಬೆಲೆ, ತಾರೀಖುಗಳಿದ್ದವು. ಕೆಳಗೆ ಅವನೊಬ್ಬನದೇ ಸಹಿ ಇತ್ತು.